ಕಾಲು ಇಳಿಬಿಡುವ ಜಾಗ

ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಲುಂಬಿನಿ ಬೆಳೆದ ಮನೆಗೆ ಇದ್ದದ್ದು ಒಂದೇ ಕೋಣೆ. ಬೆಳಿಗ್ಗೆ ಕೌದಿ ಮಡಚಿ ಗೋಡೆಗೆ ಒತ್ತಿದರೆ ಅದು ಊಟದ ಮನೆ, ನೆಲ ಒರೆಸಿದರೆ ಓದುವ ಮನೆ, ಕತ್ತಲಾದರೆ ಮತ್ತೆ ಮಲಗುವ ಮನೆ. ಹೈದರಾಬಾದಿನಲ್ಲಿ ಒಳಾಂಗಣ ವಿನ್ಯಾಸ ಕಲಿಯುವಾಗ ಜಪಾನಿನ ಹಳೆಯ ಮನೆಗಳ ಚಿತ್ರಗಳನ್ನು ತೋರಿಸಿದರು. ಉಳಿದವರು ಬೆರಗಾದರು. ಸಾಮಾನು ಕಡಿಮೆ, ನೆಲವೇ ಆಸನ, ಒಂದೇ ಕೋಣೆಗೆ ಹಲವು ಕೆಲಸ. ಲುಂಬಿನಿಗೆ ಅದು ಗೊತ್ತಿದ್ದ ಮನೆಯಂತೆ ಕಂಡಿತು.

ಊರಿಗೆ ಮರಳಿದ ಮೇಲೆ ಚಿತ್ತಾಪುರ, ಶಹಾಬಾದಗಳಲ್ಲಿ ಅವಳಿಗೆ ಸಿಕ್ಕದ್ದು ಅಡುಗೆಮನೆಯ ಕಪಾಟು, ಟಿವಿಯ ಗೋಡೆ, ಬಣ್ಣದ ದೀಪದ ಸೀಲಿಂಗು. ಪೂರ್ತಿ ಒಂದು ಮನೆಯನ್ನು ಅವಳ ಕೈಗೆ ಒಪ್ಪಿಸಿದವರು ಸೇಡಂನ ಮಹೇಶಕುಮಾರ, ಭಾಗ್ಯಶ್ರೀ ದಂಪತಿ. ಇಬ್ಬರೂ ಕಾಲೇಜಿನಲ್ಲಿ ಪಾಠ ಹೇಳುವವರು. ಜಪಾನಿ ಮನೆಗಳನ್ನು ಫೋನಿನಲ್ಲಿ ನೋಡಿ ಮೆಚ್ಚಿದ್ದರು.

ಲುಂಬಿನಿ ನಡುಮನೆಗೆ ಪಾಲಿಶ್ ಇಲ್ಲದ ಬೂದು ಫರ್ಸಿಕಲ್ಲು ಹಾಸಿಸಿದಳು. ಬಾಗಿಲ ಬದಲು ಬಿಳಿ ಕಾಗದ ಅಂಟಿಸಿದ, ಪಕ್ಕಕ್ಕೆ ಸರಿಯುವ ಮರದ ಚೌಕಟ್ಟು. ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಒಂದೇ ಒಂದು ಹೂಜಿ. ನಡುವೆ ಮೊಣಕಾಲೆತ್ತರದ ಸಾಗವಾನಿ ಮೇಜು, ಸುತ್ತ ಚಾಪೆ. ಮಧ್ಯಾಹ್ನದ ಬಿಸಿಲು ಆ ಕಾಗದದಲ್ಲಿ ಸೋಸಿ ಒಳಗೆ ಬರುವಾಗ ಹಾಲಿನ ಕೆನೆಯ ಬಣ್ಣವಾಗುತ್ತಿತ್ತು.

ಆ ಕೋಣೆಯಲ್ಲಿ ಒಪ್ಪದಿದ್ದದ್ದು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಮಹೇಶಕುಮಾರನ ತಾಯಿ ಭಾಗಮ್ಮನದು. ಮೊಣಕಾಲು ಮಡಚಲಾಗದ ಆಕೆ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು, ತಾಟು ತೊಡೆಯ ಮೇಲಿಟ್ಟು, ಉಳಿದವರ ತಲೆಗಳನ್ನು ನೋಡುತ್ತ ಉಣ್ಣುತ್ತಿದ್ದಳು.

"ನೀವ್ ಮಾಡಿದ್ ಮನಿ ಭಾಳ ಚಂದ ಆಗ್ಯಾದ ತಂಗಿ," ಎಂದಳು ಒಮ್ಮೆ ಲುಂಬಿನಿಗೆ. "ಆದ್ರ ನಾ ಇದ್ರಾಗ ಹೊರಗಿನಾಕಿ ಇದ್ದಂಗ ಅದೀನಿ. ಮುಧೋಳಕ್ಕ ಮಗಳ ಮನಿಗಿ ಹೋದ್ರ ನಿಮಗ ಈ ಕುರ್ಚಿನೂ ಕಾಣಂಗಿಲ್ಲ."

ಮರುವಾರ ಆಕೆ ಹೋಗಿಯೂ ಬಿಟ್ಟಳು, ಸೀರೆಯ ಗಂಟಿನೊಂದಿಗೆ.

ತಾನು ಪೂರ್ತಿಯಾಗಿ ಮಾಡಿದ ಮೊದಲ ಮನೆಯಿಂದ ಒಬ್ಬರು ಎದ್ದು ಹೋದದ್ದು ಲುಂಬಿನಿಗೆ ಒಳಗೇ ಚುಚ್ಚಿತು. ಜಪಾನಿನವರು ಮೇಜಿನ ಕೆಳಗೆ ನೆಲ ತಗ್ಗಿಸಿ ಕಾಲು ಇಳಿಬಿಡುವುದುಂಟು ಎಂಬುದು ನೆನಪಾಯಿತು. ಮೇಜು ಸರಿಸಿ, ಮೇಸ್ತ್ರಿ ಅಂಬರಾಯನಿಂದ ಫರ್ಸಿ ಕೊಯ್ಯಿಸಿ ನೆಲ ತೋಡಿಸಿದಳು. ಉಳಿದವರಿಗೆ ಚಕ್ಕಳಮಕ್ಕಳ ಹಾಕಿ ಕೂಡಲು ಬರುತ್ತದಲ್ಲ. ಭಾಗಮ್ಮನೊಬ್ಬಳಿಗೆ ಸಾಕಾಗುವಷ್ಟು ಚೌಕ ತಗ್ಗು, ಅದರೊಳಗೆ ಒಂದು ಬದಿಗೆ ಮಾತ್ರ ಕೂಡುವ ಕಟ್ಟೆ.

ನಿನಗೂ ಕೂಡಲು ಜಾಗ ಆಗಿದೆ ಎಂದಷ್ಟೇ ಹೇಳಿ ಮಹೇಶಕುಮಾರ ತಾಯಿಯನ್ನು ಕರೆತಂದ. ಭಾಗಮ್ಮ ಹೊಸ್ತಿಲಲ್ಲೇ ನಿಂತಳು. ನಡುಮನೆಯಲ್ಲಿ ಚೌಕ ತಗ್ಗು. ಅದರಲ್ಲಿ ಒಬ್ಬರು ಕೂಡುವ ಜಾಗ. ಸುತ್ತ ಕಲ್ಲಿನ ಬಿಳಿ ಪುಡಿ, ವಿಭೂತಿ ಚೆಲ್ಲಿದಂತೆ.

"ಯಾರಿಗಿ ತೋಡೀರಿ ಇದು?"

"ನಿನಗ ಅವ್ವಾ," ಎಂದ ಮಗ, ಸಂತೋಷದಿಂದ.

ಆಕೆಯ ಗಂಡ ಸಾಯಬಣ್ಣನನ್ನು ಹೊಲದಲ್ಲಿ ಹೀಗೇ ಚೌಕ ಕುಣಿಯಲ್ಲಿ ಕೂಡಿಸಿ, ವಿಭೂತಿ ತುಂಬಿ ಮಣ್ಣು ಮಾಡಿದ್ದರು. ಅವರ ಮನೆತನದಲ್ಲಿ ಸತ್ತವರು ಮಲಗುವುದಿಲ್ಲ, ಕೂಡುತ್ತಾರೆ. ಅದು ಮಗನಿಗೂ ಈಗ ಹೊಳೆದು ಅವನ ಮುಖ ಇಳಿಯಿತು. ಸತ್ತವರನ್ನು ಮಲಗಿಸಿ ಹೂಳುವ ಓಣಿಯಿಂದ ಬಂದ ಲುಂಬಿನಿಗೆ ಮಾತ್ರ ತಿಳಿಯಲಿಲ್ಲ. ಭಾಗ್ಯಶ್ರೀ ಅವಳ ಕಿವಿಯಲ್ಲಿ ಹೇಳಿದಳು.

"ನೀವರ ಹೇಳಬಾರದಾ ಕಾಕಾ?" ಲುಂಬಿನಿ ಅಂಬರಾಯನ ಕಡೆ ತಿರುಗಿದಳು.

"ನನಗ ಮೊದಲೇ ಹಂಗ ಅನಿಸಿತ್ತು ಮೇಡಮ್ಮೋರ. ಜಪಾನದಾಗ ಹಿಂಗೇ ಇರಬೇಕು ಅಂತ ಸುಮ್ನಿದ್ದೆ."

ಭಾಗಮ್ಮ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಲುಂಬಿನಿ ಹೋಗಿ ಪಕ್ಕದಲ್ಲಿ ನಿಂತಳು.

"ತಪ್ಪಾಯ್ತು ಆಯಿ. ಇವತ್ತೇ ಮುಚ್ಚಿಸ್ತೀನಿ. ನೀವು ಕಾಲು ಇಳಿಬಿಟ್ಟು ಎಲ್ಲಾರ ಸಂಗಟ ಉಣ್ಲಿ ಅಂತ ಮಾಡಿಸಿದ್ದೆ."

"ಎಲ್ಲಾರ ಸಂಗಟ ಅಂತಿ. ಜಾಗ ನೋಡಿದ್ರ ಒಬ್ಬಾಕಿಗೇ ಅದ."

ಲುಂಬಿನಿ ತೆರೆದ ಬಾಗಿಲಿನಿಂದ ಒಳಗಿನ ತಗ್ಗನ್ನು ನೋಡಿದಳು.

"ಕುಣಿ ಅಂದ್ರ ಒಬ್ಬರಿಗೇ ತೋಡ್ತಾರವ್ವ," ಎಂದಳು ಭಾಗಮ್ಮ, ರಸ್ತೆ ನೋಡುತ್ತ. "ಇಬ್ಬರು ಮೂವರು ಕಾಲು ಇಳಿಬಿಟ್ರ ಅದು ಕುಣಿ ಹೆಂಗ ಆಗ್ತದ?"

ಲುಂಬಿನಿ ಒಳಗೆ ಹೋಗಿ ಸೀಮೆಸುಣ್ಣದಿಂದ ತಗ್ಗಿನ ಸುತ್ತ ದೊಡ್ಡ ಚೌಕ ಬರೆದಳು.

"ಅಷ್ಟೂ ಕೊಯ್ಯೂದಾ?" ಅಂಬರಾಯ ತಲೆ ಕೆರೆದ. "ಹಂಗಂದ್ರ ಜಪಾನಿನವರೆಲ್ಲಾ ಇಲ್ಲೇ ಬಂದು ಉಣ್ಣೂದದ ಏನು?"

ಕೆಲಸ ಮುಗಿಯುವವರೆಗೆ ಭಾಗಮ್ಮ ಕೆಂಪು ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು ಕಾದಳು, ಮುಧೋಳಕ್ಕೆ ಹೋಗಲಿಲ್ಲ. ಪುಡಿ ತೊಳೆದು, ನಾಲ್ಕು ಬದಿಗೂ ಕಟ್ಟೆ ಆಗಿ, ಮೇಜು ಮತ್ತೆ ನಡುವೆ ಬಂದ ದಿನ ಭಾಗ್ಯಶ್ರೀ ರೊಟ್ಟಿ, ಪುಂಡಿಪಲ್ಯ ಮಾಡಿದಳು.

"ಮೊದಲ ನೀವು ಕುಂದ್ರಿ," ಎಂದಳು ಭಾಗಮ್ಮ. ಮಗ ಕುಳಿತ. ಸೊಸೆ ಕುಳಿತಳು. ಲುಂಬಿನಿ ಬಾಗಿಲ ಬಳಿ ನಿಂತೇ ಇದ್ದಳು.

"ನಿನಗೇನ್ ಬ್ಯಾರೆ ಹೇಳಬೇಕಾ? ಒಂದ್ ಕಡಿ ಖಾಲಿ ಬಿಟ್ರ ನಾ ಕುಂದ್ರಂಗಿಲ್ಲ."

ಲುಂಬಿನಿ ಕುಳಿತಳು. ಆಮೇಲೆ ಭಾಗಮ್ಮ ಮೇಜಿನ ಅಂಚು ಹಿಡಿದು, ಮಗನ ಹೆಗಲು ಹಿಡಿದು, ಮೆಲ್ಲಗೆ ಕಟ್ಟೆಗಿಳಿದು ಕಾಲು ಬಿಟ್ಟಳು. ಕೆಳಗೆ ಕತ್ತಲಲ್ಲಿ ಆಕೆಯ ಪಾದ ಯಾರದೋ ಪಾದಕ್ಕೆ ತಾಗಿತು. ಲುಂಬಿನಿ ತಟ್ಟನೆ ಕಾಲು ಎಳೆದುಕೊಂಡಳು.

"ಯಾಕ ಸರಿಸ್ತಿ? ಇರ್ಲಿ ಬಿಡು," ಎಂದು ಭಾಗಮ್ಮ ರೊಟ್ಟಿ ಮುರಿದಳು.