ಒಬ್ಬರೇ ಇದ್ದರೂ ತಿಂಡಿ ಬರಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹಾಲು ಉಕ್ಕುವ ಹೊತ್ತಿಗೇ ಈಕೆ ತಿಂಡಿಯ ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರಿನ ಮುಂದೆ ಕೈಕಟ್ಟಿ ನಿಂತಿದ್ದಾರೆ. ಇಲ್ಲಿ ಎಲ್ಲರಿಗೂ ಇವರು 'ದುಭಾಷಿ ಅಕ್ಕ'. "ದಾರಿಗಡ್ಡ ನಿಂತಿದ್ದೀರಲ್ಲಕ್ಕಾ, ಸ್ವಲ್ಪ ಸರೀರಿ," ಎಂದು ಮುಖ್ಯ ಅಡುಗೆಯವರು ಗದರುತ್ತಾರೆ. ಅಕ್ಕ ಕದಲಬೇಕಲ್ಲ!

ಕಂಪ್ಯೂಟರ್ ವಿಭಾಗದ ಅಕ್ಕನಿಗೆ ಅಡುಗೆಮನೆಯಲ್ಲೇನು ಕೆಲಸ ಅಂತೀರಾ? ವಾರ್ಡುಗಳ ತಂತ್ರಾಂಶ ಹಳೆಯದು, ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಅಡುಗೆಮನೆಯದು ಹೊಸದು, ಪೈಥಾನ್ ಎಂಬ ಇನ್ನೊಂದು ಭಾಷೆಯದು. ಒಂದು ಏತಿ ಅಂದರೆ ಇನ್ನೊಂದು ಪ್ರೇತಿ ಅನ್ನುತ್ತದೆ. ಯಾವ ರೋಗಿಗೆ ಯಾವ ಪಥ್ಯ ಎಂಬ ಸುದ್ದಿಯನ್ನು ವೆಬ್ ಸರ್ವಿಸ್ ಎಂಬ ಸೇತುವೆಯ ಮೂಲಕ ಅಲ್ಲಿಂದ ಇಲ್ಲಿಗೆ ದಾಟಿಸುವುದು ಅಕ್ಕನ ಕೆಲಸ. ಫೋನಿನಲ್ಲಿ ಮಾತಿಗೆ ಸಿಕ್ಕ, ಟೈಲರ್ ಆಗಿರುವ ಅಕ್ಕನ ಗಂಡನ ದೂರೇ ಬೇರೆ: "ದಿನವಿಡೀ ಯಂತ್ರಗಳನ್ನ ಮಾತಾಡಿಸ್ತಾಳೆ, ನಾನು ಕೂಗಿದ್ರೆ ಬರೀ 'ಹ್ಞೂಂ' ಅಂತಾಳೆ!"

ಮೊನ್ನೆ ಎಡವಟ್ಟಾಯಿತು. ಮೂಲೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ಮನೆಗೆ ಹೋಗಿ, ನಿವೃತ್ತ ಬಸ್ ಕಂಡಕ್ಟರ್ ತಾತ ಒಬ್ಬರೇ ಉಳಿದರು. ಅವರಿಗೆ ತಿಂಡಿಯೇ ಬರಲಿಲ್ಲ. ಡಾಕ್ಟರೇ ಉಪವಾಸ ಹೇಳಿರಬೇಕೆಂದು ಪಾಪ, ಮಧ್ಯಾಹ್ನದವರೆಗೆ ತುಟಿಪಿಟಕ್ಕೆನ್ನದೆ ಮಲಗಿದ್ದರು.

ವಿಷಯ ತಿಳಿದ ಅಕ್ಕ ಊಟ ಬಿಟ್ಟೆದ್ದು ಕಾರಣ ಹುಡುಕಿದರು. "ಇಬ್ಬರಿದ್ರೆ ವಾರ್ಡಿನ ಕಡೆಯಿಂದ ಪಟ್ಟಿ ಬರುತ್ತೆ. ಒಬ್ಬರೇ ಇದ್ರೆ ಪಟ್ಟಿ ಯಾಕೆ ಅಂತ ಬರೀ ಹೆಸರು ಬರುತ್ತೆ. ಅಡುಗೆಮನೆ ಕಡೇದು ಪಟ್ಟಿ ಬಂದ್ರೇನೇ ಬಾಗಿಲು ತೆಗೆಯೋದು. ಇವೆರಡರ ಬಿಂಕಕ್ಕೆ ತಾತ ಉಪವಾಸ!" ಒಬ್ಬರಿದ್ದರೂ ಪಟ್ಟಿಯಾಗಿಯೇ ಹೋಗುವಂತೆ ನಿನ್ನೆ ಸರಿಪಡಿಸಿದ್ದಾರೆ. ಅದಕ್ಕೂ ಮೊದಲು, ನಿನ್ನೆ ಬೆಳಿಗ್ಗೆ, ಆ ವಾರ್ಡಿನ ನರ್ಸಮ್ಮ ತಾವೇ ಬಂದು ತಾತನ ತಟ್ಟೆ ಒಯ್ದಿದ್ದರು. ಇಂದು ಬರಬೇಡಿ ಎಂದಿದ್ದಾರೆ ಅಕ್ಕ. ತಾತ ಇಂದೂ ಒಬ್ಬರೇ.

ಪ್ರಿಂಟರ್ ಕಿರುಗುಟ್ಟುತ್ತದೆ. ದೊಡ್ಡ ವಾರ್ಡುಗಳ ಚೀಟಿಗಳು ಸರಸರನೆ ಬರುತ್ತವೆ, ಆಮೇಲೆ ನಿಂತೇಹೋಗುತ್ತದೆ. ಅಕ್ಕನ ಮುಖ ಸಪ್ಪಗಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಚೀಟಿ: ಮೂಲೆಯ ವಾರ್ಡು, ಒಬ್ಬರು, ಹಾಲು, ಬ್ರೆಡ್ಡು, ಮೊಟ್ಟೆ.

"ಬಂತು ರೀ, ಬಂತು!" ಮುಖ್ಯ ಅಡುಗೆಯವರ ಬೆನ್ನಿಗೊಂದು ಗುದ್ದು ಬೀಳುತ್ತದೆ.

ಆ ತಟ್ಟೆಯನ್ನು ಅಕ್ಕ ಬೇರೆಯವರ ಕೈಗೆ ಕೊಡುವುದಿಲ್ಲ, ತಾವೇ ಒಯ್ಯುತ್ತಾರೆ. ತಾತ ಎಲ್ಲ ತಿಂದು ಮುಗಿಸುವ ತನಕ ಪಕ್ಕದಲ್ಲೇ ಕೂರುತ್ತಾರೆ. ಖುಷಿ ಮುಚ್ಚಿಡಲು ಅವರಿಗೆ ಬರುವುದಿಲ್ಲ.

"ಇನ್ನೊಂದು ಬ್ರೆಡ್ಡು ಸಿಗುತ್ತೇನಮ್ಮಾ?" ತಾತ ಸಂಕೋಚದಿಂದ ಕೇಳುತ್ತಾರೆ. ನರ್ಸಮ್ಮ ಆಗಲಿ ಎಂದು ತಲೆಯಾಡಿಸುತ್ತಾರೆ. "ಅದಕ್ಕೂ ಕಂಪ್ಯೂಟರಿಗೆ ಹೇಳ್ಬೇಕಾ?" ಅಕ್ಕನಿಂದ ಕಥೆಯೆಲ್ಲ ಕೇಳಿದ್ದ ತಾತನಿಗೆ ಅನುಮಾನ.

"ಅಯ್ಯೋ ಬೇಡಿ ತಾತ, ಅವೆರಡನ್ನ ಒಪ್ಪಿಸೋದ್ರೊಳಗೆ ಮಧ್ಯಾಹ್ನ ಆಗುತ್ತೆ. ನಾನೇ ಓಡಿ ತರ್ತೀನಿ!"