ಬಸ್ಸಿನವರೆಲ್ಲ ಕಣ್ಣು ಮುಚ್ಚಿದಾಗ

ದಾರಿಬದಿಯ ದೈವಸ್ಥಾನದ ಎದುರು ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಕಾಣಿಕೆ ಡಬ್ಬಿಗೆ ನಾಣ್ಯ ಹಾಕಿ ಬರುವಷ್ಟು ಹೊತ್ತು ನಾವೆಲ್ಲ ಕಣ್ಣು ಮುಚ್ಚಿ ಕೈಮುಗಿಯುವುದು ದಿನದ ವಾಡಿಕೆ. ಅಂದು ಮಡಿಲಲ್ಲಿದ್ದ ಛತ್ರಿ ಜಾರಿತೆಂದು ನಾನು ಬೇಗ ಕಣ್ಣು ಬಿಟ್ಟೆ. ಕಾಪುವಿನಿಂದ ಉಡುಪಿಯ ಜವಳಿ ಅಂಗಡಿಯ ಕೆಲಸಕ್ಕೆ ದಿನಾ ನನ್ನ ಜೊತೆ ಬರುವ ಸುಮತಿ ಸೆರಗಿನ ಗಂಟಿನಿಂದ ಮಾತ್ರೆ ತೆಗೆದು, ನೀರಿಲ್ಲದೆ ನುಂಗುತ್ತಿದ್ದಳು.

ಕೇಳದೆ ಇರಲು ನನ್ನಿಂದಾಗಲಿಲ್ಲ.

"ಟೀಬಿಯದ್ದು ಅಕ್ಕ," ಎಂದು ಪಿಸುಗುಟ್ಟಿದಳು. "ಒಂದು ದಿನವೂ ತಪ್ಪಿಸಬಾರದಂತೆ. ಇನ್ನು ಹರಡುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಆದರೂ ಅತ್ತೆಗೆ ಗೊತ್ತಾದರೆ ತವರಿಗೆ ಕಳಿಸಿಬಿಡ್ತಾರೆ. ಈ ಬಸ್ಸಿನಲ್ಲಾದರೆ ಯಾರೂ ನೋಡುವುದಿಲ್ಲ ಅಲ್ವಾ?"

ಆಗಿನ್ನೂ ಎಂಬತ್ತರ ದಶಕ. ಟೀಬಿ ಎಂದರೆ ತಟ್ಟೆ ಲೋಟ ಬೇರೆ ಇಡುತ್ತಿದ್ದ ಕಾಲ.

"ಭಾನುವಾರ ಅಂಗಡಿಗೆ ರಜೆ ಅಲ್ವಾ, ಎಂತ ಮಾಡುವುದು?" ಎಂದೆ.

"ದೈವಕ್ಕೆ ಹರಕೆ ಉಂಟು ಅಂತ ಹೇಳಿ ಬರ್ತೇನೆ," ಎಂದು ನಕ್ಕಳು. "ಅತ್ತೆಯೇ ಬೇಗ ಎಬ್ಬಿಸಿ ಕಳಿಸ್ತಾರೆ."

ಅವಳು ಮಾತ್ರೆ ನುಂಗಿದಳೋ ಇಲ್ಲವೋ ಎಂದು ಇಣುಕುವ ಆಸೆ ನನಗೆ ದಿನಾ ಆಗುತ್ತಿತ್ತು. ಆದರೂ ಅಂದಿನಿಂದ, ಕಂಡಕ್ಟರ್ ಹತ್ತಿ ಬಸ್ಸು ಹೊರಟ ಮೇಲೂ ಸ್ವಲ್ಪ ಹೊತ್ತು, ನಾನು ಕಣ್ಣು ಮುಚ್ಚಿಯೇ ಇರುತ್ತಿದ್ದೆ.