ಅಣ್ಣ ಕೇಳಿದ ಬಂಗುಡೆ ಸಾರು

ನನ್ನ ಅಣ್ಣನ ಪ್ರಾಣ ತೆಗೆಯುತ್ತಿರುವುದು ಅತ್ತಿಗೆಯ ಅಡುಗೆ ಎಂದು ಅಮ್ಮ ತೀರ್ಮಾನಿಸಿದಾಗ ಅಣ್ಣ ಇನ್ನೂ ಬದುಕಿದ್ದ.

ಅತ್ತಿಗೆ ಮಂಗಳೂರಿನ ಕ್ಯಾಥೊಲಿಕ್ ಮನೆಯವಳು, ನನ್ನದೇ ವಯಸ್ಸು. ನಾವು ಮೈಸೂರಿನವರು. ಅಮ್ಮನ ಅಡುಗೆಮನೆಗೆ ಬೆಳ್ಳುಳ್ಳಿ ಕೂಡ ಅಂಜುತ್ತಲೇ ಬರಬೇಕು. ಮದುವೆಯಾದ ಮೇಲೆ ಅಣ್ಣ ಲಂಡನ್ನಿನ ಇಲ್ಫರ್ಡಿನ ಮನೆಯಲ್ಲಿ ಮೀನು ತಿನ್ನಲು ಕಲಿತ. ಭಾನುವಾರ ಅತ್ತಿಗೆ ಚರ್ಚಿನಿಂದ ಬಂದು ಮಣ್ಣಿನ ಮಡಕೆಯಲ್ಲಿ ಬಂಗುಡೆ ಸಾರಿಗಿಟ್ಟರೆ ಪಕ್ಕದ ಬೀದಿಯಲ್ಲಿದ್ದ ನನಗೂ ಅವನ ಫೋನ್ ಬರುತ್ತಿತ್ತು: "ಬಾರೇ ಊಟಕ್ಕೆ. ಅಮ್ಮಂಗೆ ಹೇಳ್ಬೇಡ."

ಮಲದಲ್ಲಿ ರಕ್ತ ಕಂಡಾಗ ಅವನು ಅಲ್ಲಿನ ಡಾಕ್ಟರ ಹತ್ತಿರ ಹೋಗದೆ ಮೈಸೂರಿಗೆ ಫೋನ್ ಮಾಡಿದ. "ಉಷ್ಣ ಕಣೋ, ಮೆಂತ್ಯ ನೆನೆಸಿ ಮಜ್ಜಿಗೇಲಿ ಕುಡಿ," ಎಂದಳು ಅಮ್ಮ. ಕುಡಿದ. ನಮ್ಮವರಲ್ಲಿ ಉಷ್ಣ ಎಂಬುದೊಂದಿದೆಯಲ್ಲ, ಅದರ ತಲೆಗೆ ಏನನ್ನು ಬೇಕಾದರೂ ಕಟ್ಟಬಹುದು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗುವಷ್ಟರಲ್ಲಿ ಅದು ಲಿವರಿಗೂ ಹಬ್ಬಿತ್ತು. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ.

ಅಮ್ಮ ಲಂಡನ್ನಿಗೆ ಬಂದವಳೇ ಅಡುಗೆಮನೆ ಹಿಡಿದಳು. ಬಂಗುಡೆಯ ಮಡಕೆಯನ್ನು ಬರಿಗೈಯಲ್ಲಿ ಮುಟ್ಟದೆ, ಪೇಪರಿನಲ್ಲಿ ಹಿಡಿದು ಹಿತ್ತಲಿನ ಶೆಡ್ಡಿಗೆ ಸಾಗಿಸಿದಳು. ಅಣ್ಣನಿಗೆ ಗಂಜಿ, ಸಪ್ಪೆ ಬೇಳೆಕಟ್ಟು, ಮತ್ತೆ ಗಂಜಿ. "ಕಂಡಿದ್ದೆಲ್ಲ ತಿನ್ಸಿ ನನ್ನ ಮಗನ ಕರುಳು ಕೊಳೆಸಿದ್ಲು," ಎಂದು ಅತ್ತಿಗೆಗೆ ಕೇಳುವ ಹಾಗೆ ಊರಿಗೆ ಫೋನ್ ಮಾಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳ ಆಡಿದೆ, ಪ್ರಯೋಜನವಾಗಲಿಲ್ಲ.

ಕೊನೆಕೊನೆಗೆ ಅಣ್ಣ ಕೇಳಿದ್ದು ಒಂದೇ. "ಅಮ್ಮ, ಒಂದು ಸ್ಪೂನು ಬಂಗುಡೆ ಸಾರು. ನಾಲಿಗೆಗೆ ಸಾಕು."

"ಅದರಿಂದ್ಲೇ ಈ ಗತಿ ಬಂದಿರೋದು," ಎಂದು ಅಮ್ಮ ಗಂಜಿಯ ಬಟ್ಟಲು ಮುಂದೆ ಹಿಡಿದಳು. ಅವನು ಮುಖ ಗೋಡೆಗೆ ತಿರುಗಿಸಿಕೊಂಡ. ಆ ವಾರವೇ ಹೋಗಿಬಿಟ್ಟ.

ಅವನ ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ಅತ್ತಿಗೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು, "ಅತ್ತೆ ಹೇಳುವುದು ನಿಜ ಇರಬಹುದಾ ಮಾರಾಯ್ತಿ? ನಾನೇ ಕೊಂದದ್ದಾ?" ಅಲ್ಲ ಎಂದೆ. ಅವಳು ನಂಬಲಿಲ್ಲ.

ಅಣ್ಣನಿಂದ ಮೊದಲೇ ತೆಗೆದಿಟ್ಟಿದ್ದ ರಕ್ತದ ಫಲಿತಾಂಶ ಅವನು ಹೋದ ಮೇಲೆ ಬಂತು: ಹುಟ್ಟಿನಿಂದಲೇ ಬಂದ ಜೀನ್ ದೋಷ. ಆಸ್ಪತ್ರೆಯವರು ನಮ್ಮನ್ನೆಲ್ಲ ಕರೆಸಿದರು. ವಂಶದ ರೋಗಗಳ ಬಗ್ಗೆ ತಿಳಿಹೇಳುವ ಅಲ್ಲಿನ ಸಲಹೆಗಾರ್ತಿ ಅಮ್ಮನ ತವರಿನ ಸಾವುಗಳನ್ನು ಕೇಳುತ್ತಾ ಹೋದಳು. ಮಧ್ಯೆ ಕೂತು ಭಾಷಾಂತರ ಮಾಡುತ್ತಿದ್ದವಳು ನಾನು.

"ನಮ್ಮಪ್ಪಂಗೆ ಮೂಲವ್ಯಾಧಿ. ರಕ್ತ ಹೋಗಿ ಹೋಗಿ ತೀರ್ಕೊಂಡ್ರು," ಎಂದಳು ಅಮ್ಮ. "ನಮ್ಮಣ್ಣಂಗೂ ಅದೇ. ಉಷ್ಣದ ಮೈ. ನಲವತ್ತು ದಾಟ್ಲಿಲ್ಲ."

ಅವರಿಬ್ಬರೂ ಜನ್ಮದಲ್ಲಿ ಮೀನು ಕಂಡವರಲ್ಲ. ಸಲಹೆಗಾರ್ತಿ ಅಮ್ಮನ ರಕ್ತವನ್ನೂ ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದಳು.

ಫಲಿತಾಂಶದ ದಿನ ಅತ್ತಿಗೆಯೂ ಬಂದಿದ್ದಳು, ತನ್ನ ಪುಟ್ಟ ಮಗಳ ಸಲುವಾಗಿ. ದೋಷ ಅಮ್ಮನಲ್ಲಿತ್ತು. ನನ್ನಲ್ಲೂ ಇತ್ತು. ಜೀವಕೋಶಗಳು ತಮ್ಮ ನಕಲು ಮಾಡುವಾಗ ಆಗುವ ತಪ್ಪನ್ನು ತಿದ್ದುವ ಜೀನ್ ನಮ್ಮ ಮನೆಯಲ್ಲಿ ಕೆಟ್ಟಿದೆಯಂತೆ. ಅದು ಇದ್ದವರೆಲ್ಲರಿಗೂ ರೋಗ ಬರಲೇಬೇಕೆಂದಿಲ್ಲ, ಅಮ್ಮನಿಗೆ ಬಂದಿರಲಿಲ್ಲ. ನಾನು ಇನ್ನು ಜೀವಮಾನವಿಡೀ ಕರುಳಿನ ತಪಾಸಣೆಗೆ ಹೋಗಬೇಕು. ಅಣ್ಣನ ಮಗಳಿಗೆ ಬಂದಿದೆಯೋ ಇಲ್ಲವೋ, ಅವಳು ದೊಡ್ಡವಳಾದ ಮೇಲೆ ನೋಡುತ್ತಾರೆ. ಅಲ್ಲಿಯವರೆಗೆ ಅತ್ತಿಗೆ ಕಾಯಬೇಕು.

ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: ತನ್ನ ಅಡುಗೆಯಿಂದ ಆಯಿತಾ? ಅಲ್ಲವೇ ಅಲ್ಲ ಎಂದಳು ಸಲಹೆಗಾರ್ತಿ. ಅತ್ತಿಗೆ ಕೋಟಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಏನಂತೆ?" ಎಂದಳು ಅಮ್ಮ.

ಹೇಳಿದೆ. ಮೆತ್ತಗೆ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

"ಹಾಗಾದ್ರೆ ನನ್ನಿಂದ್ಲಾ?"

"ನೀನು ಬೇಕಂತ ಕೊಟ್ಟಿದ್ದಲ್ಲಮ್ಮ. ಆದ್ರೆ ಹೌದು."

ರೈಲು ಹಿಡಿದು ಇಲ್ಫರ್ಡಿಗೆ ವಾಪಸಾದೆವು. ಮನೆಗೆ ಬಂದ ಅಮ್ಮ ಚಪ್ಪಲಿ ಕೂಡ ಬಿಡದೆ ನೇರ ಹಿತ್ತಲಿಗೆ ಹೋದಳು. ಶೆಡ್ಡಿನಿಂದ ಆ ಮಡಕೆಯನ್ನು ಬರಿಗೈಯಲ್ಲೇ ಎತ್ತಿಕೊಂಡು ಬಂದು, ಜೇಡರಬಲೆ ತೆಗೆದು, ಸಿಂಕಿನಲ್ಲಿ ಉಜ್ಜಿ ಉಜ್ಜಿ ತೊಳೆದಳು. ಒರೆಸಿ ಒಲೆಯ ಮೇಲಿಟ್ಟು ಅತ್ತಿಗೆಯ ಕಡೆ ತಿರುಗಿದಳು.

"ಮಾಡಮ್ಮ," ಎಂದಳು.

ಅತ್ತಿಗೆ ಮಡಕೆಯನ್ನೇ ನೋಡುತ್ತಾ ನಿಂತಳು.

"ಇನ್ನು ಯಾರಿಗೆ, ಅತ್ತೆ?"